ತೊಂಬತ್ತನಾಲ್ಕು ಸಲ ಎಣ್ಣೆ ಹಚ್ಚಿದ ಕಾವಲಿ

ಹೆದರುವುದಕ್ಕೂ ಒಂದು ಯೋಗ್ಯವಾದ ವಸ್ತು ಬೇಕು. ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಹಲ್ಲಿಗೆ, ಮದುವೆಯಾದ ನನ್ನ ಗೆಳೆಯರು ಯಾರಿಗೆ ಹೆದರುತ್ತಾರೆಂದು ಇಲ್ಲಿ ಬರೆಯುವುದು ಬೇಡ. ಇವೆಲ್ಲ ಓಡುವ, ಕಚ್ಚುವ, ಇಲ್ಲವೇ ಮಾತಾಡುವ ಜೀವಗಳು. ಇವುಗಳ ಮುಂದೆ ಹೆದರಿದರೆ ಯಾರೂ ನಗುವುದಿಲ್ಲ. ನಾನು ಮೂರು ತಿಂಗಳಿಗಿಂತ ಹೆಚ್ಚು ಕಾಲ ಹೆದರಿ ಬದುಕಿದ್ದು ಅಡಿಗೆಮನೆಯ ಕಟ್ಟೆಯ ಮೇಲೆ ಹಳೆಯ ಹತ್ತಿ ಸೀರೆಯ ತುಂಡು ಹೊದ್ದುಕೊಂಡು ಮಲಗಿದ್ದ ಒಂದು ಬೀಡುಕಬ್ಬಿಣದ ದೋಸೆ ಕಾವಲಿಗೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಾನು ದಿನಚರಿ ಬರೆಯುವವನು. ತಾರೀಕು ಹಾಕಿ ಬರೆದಿಟ್ಟದ್ದನ್ನು ಅಡಗಿಸುವುದು ಕಷ್ಟ. ನನ್ನ ದಿನಚರಿಯ ಪುಟದ ಬಲ ಅಂಚಿನಲ್ಲಿ ಒಂದು ಸಣ್ಣ ಕಾಲಂ ಉಂಟು, ಆ ದಿನ ಎಷ್ಟು ಸಲ ಹೆದರಿದೆ ಎಂಬುದಕ್ಕೆ. ಕಾವಲಿ ಬರುವ ಮೊದಲು ಅದರಲ್ಲಿ ಸಾಮಾನ್ಯವಾಗಿ ಎರಡು ಎಂದಿರುತ್ತಿತ್ತು: ಬೆಳಿಗ್ಗೆ ಬಸ್ಸು ತಪ್ಪೀತೆಂದು ಒಂದು, ಸಂಜೆ ಮೇಲಧಿಕಾರಿ ಕರೆದಾರೆಂದು ಇನ್ನೊಂದು. ಕಾವಲಿ ಬಂದ ಮೊದಲ ವಾರ ಅದು ಏಳಕ್ಕೆ ಏರಿತು. ಗರಿಷ್ಠ ಹತ್ತೊಂಬತ್ತು. ಆ ದಿನದ ಕಥೆಯನ್ನು ಮುಂದೆ ಹೇಳುತ್ತೇನೆ.

ಕಾವಲಿ ನನ್ನದಲ್ಲ, ದೊಡ್ಡಮ್ಮನದು. ಅಮ್ಮನ ಅಕ್ಕ. ಡೊಂಬಿವಲಿಯಲ್ಲಿ ಅವರು ಮೂವತ್ತನಾಲ್ಕು ವರ್ಷ ಬಾಳಿದ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಅದನ್ನು ಕೆಡವಿ, ಅದೇ ಜಾಗದಲ್ಲಿ ದೊಡ್ಡದನ್ನು ಕಟ್ಟಿ, ಮತ್ತೆ ಮನೆ ಕೊಡುತ್ತಾರೆ. ಯಾವಾಗ ಎಂಬುದು ಬಿಲ್ಡರನಿಗೂ ಗೊತ್ತಿಲ್ಲ. ಅಲ್ಲಿಯ ತನಕ ದೊಡ್ಡಮ್ಮ ವರ್ತಕ ನಗರದಲ್ಲಿರುವ ಮಗ ಸತೀಶಣ್ಣನ ಮನೆಯಲ್ಲಿ. ಸತೀಶಣ್ಣನೂ ಅತ್ತಿಗೆಯೂ ಒಳ್ಳೆಯವರು, ದೊಡ್ಡಮ್ಮನಿಗೆ ಒಂದು ಲೋಟ ತೊಳೆಯಲೂ ಬಿಡುವವರಲ್ಲ. ಆದರೆ ಅಲ್ಲಿ ಒಲೆ ಎಂದರೆ ಒಂದು ಕಪ್ಪು ಗಾಜಿನ ಹಲಗೆ. ಬೆಂಕಿ ಕಾಣುವುದಿಲ್ಲ, ಮುಟ್ಟಿದರೆ ಪೀಂ ಅನ್ನುತ್ತದೆ. ಕಾವಲಿಯ ತಳವೋ ಹಳೆಯ ಕಾಲದ್ದು, ನಡುವೆ ತುಸು ಉಬ್ಬಿದೆ. ಗಾಜಿನ ಮೇಲಿಟ್ಟರೆ ಬುಗುರಿಯ ಹಾಗೆ ತಿರುಗುತ್ತದೆ.

ಜೂನ್ ತಿಂಗಳ ಮೊದಲ ಭಾನುವಾರ ಸಾಮಾನು ಸಾಗಿಸಲು ನಾನೂ ಡೊಂಬಿವಲಿಗೆ ಹೋಗಿದ್ದೆ. ಅರ್ಧ ಖಾಲಿಯಾದ ಅಡಿಗೆಮನೆಯಲ್ಲಿ ದೊಡ್ಡಮ್ಮ ನನ್ನನ್ನು ಕರೆದು, "ನಿನ್ನಲ್ಲಿ ಗ್ಯಾಸ್ ಉಂಟಲ್ಲ ಮಗಾ?" ಎಂದರು.

"ಉಂಟು ದೊಡ್ಡಮ್ಮ."

"ಹಾಗಾದ್ರೆ ಇದನ್ನು ನೀನು ಖಾರಘರಕ್ಕೆ ತಗೊಂಡು ಹೋಗು. ಹೊಸ ಮನೆ ಆಗುವ ತನಕ ಇಟ್ಕೊ. ಬಾಕಿ ಎಲ್ಲ ಭಂಗಾರಿಗೆ, ಗುಜರಿಗೆ ಹೋಯ್ತು. ಈ ಅಡಿಗೆಮನೆಯದ್ದು ಅಂತ ನನಗೆ ಉಳಿಯುದು ಇದೊಂದೇ. ಹಾಳು ಮಾಡ್ಬೇಡ ಮಾರಾಯ."

ನಾನು ಪೆನ್ನು ತೆಗೆದೆ. ಇದು ನನ್ನ ವೃತ್ತಿದೋಷ. ತಳೋಜಾದ ಒಂದು ಔಷಧ ಕಾರ್ಖಾನೆಯಲ್ಲಿ ದಾಖಲೆ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಹಾಳೆಯಲ್ಲಿ ಬರೆದದ್ದನ್ನು ಬರೆದ ಹಾಗೆಯೇ ಮಾಡಬೇಕು. ಬರೆಯದೇ ಇದ್ದದ್ದನ್ನು ಮಾಡಿದರೆ ಅದಕ್ಕೆ ಬೇರೆಯೇ ಒಂದು ಹಾಳೆ ತುಂಬಿಸಬೇಕು. ದೊಡ್ಡಮ್ಮ ಪಾತ್ರೆ ಕಟ್ಟುತ್ತ ಹೇಳಿದರು, ನಾನು ಬರೆದುಕೊಂಡೆ. ಸೋಪು ಮುಟ್ಟಿಸಬೇಡ. ನೀರಿನಲ್ಲಿ ನೆನೆಹಾಕಬೇಡ. ಬಿಸಿ ಇರುವಾಗ ತಣ್ಣೀರು ಸೋಕಿಸಬೇಡ, ಬಿರುಕು ಬಿಡುತ್ತದೆ. ಹುಳಿ ತಾಗಿಸಬೇಡ. ತಂತಿ ಬ್ರಶ್ಶಿನಲ್ಲಿ ಉಜ್ಜಬೇಡ. ಕೆರೆಯಬೇಡ. ಕೈಜಾರಿ ಬೀಳಿಸಬೇಡ, ಬಿದ್ದರೆ ಎರಡು ಹೋಳು, ಬೆಸುಗೆ ನಿಲ್ಲುವುದಿಲ್ಲ. ಹೀಗೆ ಹನ್ನೊಂದು ಅಂಶಗಳು, ಅದರಲ್ಲಿ ಒಂಬತ್ತು ಬೇಡಗಳು. ಮಾಡು ಎಂದದ್ದು ಎರಡೇ: ಒಣಗಿದ ಜಾಗದಲ್ಲಿ ಇಡು, ದಿನಾ ಒಮ್ಮೆ ಎಣ್ಣೆ ಬಟ್ಟೆ ಆಡಿಸು.

ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಗಾಡಿ ಬದಲಿಸಿ ಖಾರಘರ. ಅಷ್ಟು ದೂರ ನಾನು ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಪಕ್ಕದಲ್ಲಿದ್ದವರು ಎರಡು ಸಲ, "ಬ್ಯಾಗ್ ಊಪರ್ ರಖೋ ನಾ ಭಾಯ್" ಎಂದರು. ಮೇಲಿನ ಕಂಬಿಯಿಂದ ಅದು ಬಿದ್ದರೆ ಎರಡು ಹೋಳಾಗುವುದು ಕಾವಲಿಯೋ ಕೆಳಗೆ ಕೂತವರ ತಲೆಯೋ ಎಂದು ಲೆಕ್ಕ ಹಾಕಿ ನಾನು ಮೊದಲನೆಯದಕ್ಕೇ ಹೆಚ್ಚು ಹೆದರಿದೆ. ಇಳಿಯುವಾಗ ಎರಡೂ ಕಾಲು ಜೋಮು ಹಿಡಿದಿದ್ದವು.

ಮನೆಯಲ್ಲಿ ನನ್ನ ಜೊತೆ ಇರುವವನು ಕಾರ್ತಿಕ್, ಮೈಸೂರಿನವನು, ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ. ಸೀರೆಯ ಗಂಟು ಬಿಚ್ಚಿದಾಗ ಅವನು ಕುತೂಹಲದಿಂದ ಬಗ್ಗಿ ನೋಡಿದ. ಕಪ್ಪಗೆ, ನುಣ್ಣಗೆ, ಮೂವತ್ತನಾಲ್ಕು ವರ್ಷದ ದೋಸೆ ಕುಡಿದ ಮೈ. "ಸೂಪರ್ ಗುರು. ನಾಳೆಯಿಂದ ದೋಸೆ" ಎಂದ. ದೋಸೆ ಹೊಯ್ದರೆ ಅಂಟೀತು. ಅಂಟಿದರೆ ಕೆರೆಯಬೇಕು. ಕೆರೆಯಬಾರದೆಂಬುದು ಆರನೆಯ ಅಂಶ. ಆದ್ದರಿಂದ ದೋಸೆ ಹೊಯ್ಯದಿರುವುದೇ ಕ್ಷೇಮ ಎಂದು ತೀರ್ಮಾನಿಸಿದೆ. ನನ್ನ ಈ ಬುದ್ಧಿ ಹೊಸದಲ್ಲ. ಐದನೇ ತರಗತಿಯಲ್ಲಿ ಮಾಷ್ಟ್ರು ನನ್ನ ಕೈಗೆ ಚಾಕ್‌ಪೀಸಿನ ಡಬ್ಬಿ ಕೊಟ್ಟು, "ಜೋಪಾನ" ಎಂದಿದ್ದರು. ವರ್ಷದ ಕೊನೆಗೆ ಒಂದೂ ಮುರಿಯದೆ ತುಂಬಿದ ಡಬ್ಬಿಯನ್ನೇ ಅವರಿಗೆ ಒಪ್ಪಿಸಿದೆ. ವರ್ಷವಿಡೀ ಅವರು ಪಕ್ಕದ ತರಗತಿಯಿಂದ ಚಾಕ್ ಬೇಡಿ ತಂದು ಪಾಠ ಮಾಡಿದ್ದರು.

ಮಳೆ ಶುರುವಾಯಿತು. ಖಾರಘರದ ಮಳೆ ಗುಡ್ಡದಿಂದ ನೇರ ಕಿಟಕಿಗೇ ಬರುತ್ತದೆ. ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ. ಒಂಬತ್ತನೆಯ ದಿನ ಬೆಳಿಗ್ಗೆ ಕಾವಲಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ ಕಾಣಿಸಿತು. ಮೊಬೈಲ್ ಟಾರ್ಚು ಹಾಕಿ ನೋಡಿದೆ. ಬಿಳಿ ಕಾಗದದಿಂದ ಒರೆಸಿ ನೋಡಿದೆ. ಕಾಗದಕ್ಕೆ ಬಣ್ಣ ಬಂತು. ತುಕ್ಕು! ಆ ಶನಿವಾರ ಕಲ್ಯಾಣದ ಬಾಜಾರಿಗೆ ಹೋಗಿ ಪಾತ್ರೆ ಅಂಗಡಿಯ ಮುದುಕನ ಮುಂದೆ ಫೋಟೊ ಹಿಡಿದೆ. ಅವನು ಕನ್ನಡಕ ಏರಿಸಿ ನೋಡಿ, "ಬಿಡಾಚಾ ತವಾ ಆಹೇ. ತೇಲ್ ಲಾವಾ, ವಾಪ್ರಾ. ಅಜೂನ್ ಕಾಯ್?" ಎಂದ. ಎಣ್ಣೆ ಹಚ್ಚಿ, ಬಳಸಿ, ಇನ್ನೇನು ಎಂದು. ನಾನು ಮೊದಲ ಅರ್ಧವನ್ನು ಮಾತ್ರ ಬರೆದುಕೊಂಡು ಬಂದೆ.

ಅಂದಿನಿಂದ ಎಣ್ಣೆಯನ್ನು ತುಸು ಧಾರಾಳವಾಗಿಯೇ ಹಚ್ಚತೊಡಗಿದೆ. ಪ್ರತಿದಿನ ಸಂಜೆ ಏಳೂವರೆಗೆ ಕೈಕಾಲು ತೊಳೆದು, ಬಟ್ಟೆ ಅದ್ದಿ, ಒಳಗೆ, ಹೊರಗೆ, ಹಿಡಿಯ ಸಂದಿಗೆ. ಮೇಲೆ ಒಂದು ಹಾಳೆ ಪತ್ರಿಕೆ ಮುಚ್ಚಿ, ಸೀರೆ ಹೊದೆಸಿ, ದಿನಚರಿಯಲ್ಲಿ ಒಂದು ಗೀಟು. ಕಾರ್ತಿಕ್ ಸೋಫಾದಿಂದಲೇ ಕೇಳುತ್ತಿದ್ದ: "ಗುರು, ಇದು ಕಾವಲೀನಾ ಶಾಲಿಗ್ರಾಮಾನಾ? ದಿನಾ ಅಭಿಷೇಕ ಆಗ್ತಿದೆ, ನೈವೇದ್ಯ ಯಾವಾಗ?"

ವಾರಕ್ಕೊಮ್ಮೆ ದೊಡ್ಡಮ್ಮನ ಫೋನ್ ಬರುತ್ತಿತ್ತು. ನನ್ನ ಆರೋಗ್ಯವನ್ನು ಎರಡನೆಯದಾಗಿ ಕೇಳುತ್ತಿದ್ದರು.

"ಕಾವಲಿ ಹೇಗುಂಟು?"

"ಒಳ್ಳೆದುಂಟು ದೊಡ್ಡಮ್ಮ."

"ಮಿಂಚ್ತದಾ?"

"ಮುಖ ಕಾಣ್ತದೆ ದೊಡ್ಡಮ್ಮ."

ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅವರು ಸಂತೋಷಪಟ್ಟು ಫೋನ್ ಇಡುತ್ತಿದ್ದರು. ದೋಸೆ ಏಳುತ್ತದೆಯೇ ಎಂದು ಒಮ್ಮೆಯೂ ಕೇಳಲಿಲ್ಲ. ಆ ಕಾವಲಿಯಲ್ಲಿ ದೋಸೆ ಏಳದೆ ಇರಬಹುದೆಂಬ ಯೋಚನೆಯೇ ಅವರಿಗೆ ಬಂದಿರಲಾರದು.

ಇಷ್ಟರ ನಡುವೆ ನನಗೆ ದೋಸೆಯ ಆಸೆ ಇರಲಿಲ್ಲವೆಂದಲ್ಲ. ಸ್ಟೇಷನ್ ಹತ್ತಿರ ನಮ್ಮ ಕಡೆಯವರದೊಂದು ಹೋಟೆಲಿದೆ. ಕಾವಲಿ ಬಂದ ಮೂರು ತಿಂಗಳಲ್ಲಿ ಅಲ್ಲಿ ನಾನು ತಿಂದ ದೋಸೆ ಮೂವತ್ತೊಂದು. ದೋಸೆ ಹೊಯ್ಯುವ ಶೇಖರಣ್ಣ ಕಾರ್ಕಳದ ಕಡೆಯವರು. ಅವರು ಕಾದ ದೋಸೆಕಲ್ಲಿನ ಮೇಲೆ ಚೊಂಬಿನಿಂದ ನೀರು ಚೆಲ್ಲಿ, ಹಿಡಿಸೂಡಿಯಿಂದ ಬರಬರನೆ ಗುಡಿಸುವುದನ್ನು ನೋಡುವಾಗೆಲ್ಲ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ತೊಂಬತ್ತೈದನೆಯ ದಿನ, ಬುಧವಾರ, ಕಾರ್ಖಾನೆಯ ಬಸ್ಸಿಳಿದವನು ಅಲ್ಲಿಗೆ ಹೋಗಿ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಶೇಖರಣ್ಣ, ಹೀಗೆ ನೀರು ಹಾಕಿದ್ರೆ ಕಲ್ಲು ಒಡೆಯುವುದಿಲ್ವಾ?"

"ಇದು ದಪ್ಪ ಉಂಟು, ಬೇರೆ ಕಬ್ಬಿಣ. ಮನೆಯ ಬೀಡಿನ ಕಾವಲಿಗೆ ಹಾಗೆ ಮಾಡ್ಬೇಡಿ. ಯಾಕೆ, ನಿಮ್ಮಲ್ಲಿ ಉಂಟಾ? ದಿನಾ ಎಷ್ಟು ದೋಸೆ ಹೊಯ್ತೀರಿ?"

"ದೋಸೆ ಅಂತ ಇಲ್ಲ. ಎಣ್ಣೆ ಮಾತ್ರ ಹಚ್ಚುದು."

"ಒಲೆಯ ಮೇಲೆ ಇಡುದಿಲ್ವಾ?"

"ಇಲ್ಲ."

"ಎಷ್ಟು ದಿನ ಆಯ್ತು?"

"ತೊಂಬತ್ತನಾಲ್ಕು. ಇವತ್ತಿನದ್ದು ಹಚ್ಚಬೇಕಷ್ಟೆ."

ಶೇಖರಣ್ಣನ ಸಟ್ಟುಗ ಗಾಳಿಯಲ್ಲಿ ನಿಂತಿತು. ಕಲ್ಲಿನ ಮೇಲಿದ್ದ ಮಸಾಲೆ ದೋಸೆ ಕರಟಿತು. ಆ ಹೋಟೆಲಿನಲ್ಲಿ ದೋಸೆ ಕರಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಮನೆಗೆ ಹೋಗಿ ಬೆರಳು ಇಟ್ಟು ನೋಡಿ ಮಾರಾಯ್ರೆ" ಎಂದರು.

ಬೆರಳಿಟ್ಟೆ. ಬೆರಳು ಮೇಲಕ್ಕೆ ಬರಲಿಲ್ಲ. ಅಂದರೆ ಬಂತು, ಕಾವಲಿಯನ್ನೂ ತುಸು ಎತ್ತಿಕೊಂಡು ಬಂತು. ಇಷ್ಟು ದಿನ ಬಟ್ಟೆಯಿಂದಲೇ ಮುಟ್ಟುತ್ತಿದ್ದ ನನಗೆ ಅದು ತಿಳಿದೇ ಇರಲಿಲ್ಲ. ಬಿಸಿ ಕಾಣದ ಎಣ್ಣೆ ಪದರದ ಮೇಲೆ ಪದರ ಕೂತು ಹಲಸಿನ ಮೇಣದ ಹಾಗಾಗಿತ್ತು. ಅದರೊಳಗೆ ನಾಲ್ಕು ಇರುವೆ, ಒಂದು ಕೂದಲು, ಮತ್ತು ಮುಚ್ಚಿಟ್ಟ ಮರಾಠಿ ಪತ್ರಿಕೆಯ ಒಂದು ತುಂಡು. ಯಾವುದೋ ವರನಿಗೆ ಸುಸ್ವಭಾವದ ವಧು ಬೇಕಾಗಿದ್ದಾಳೆಂಬುದನ್ನು ತಿರುಗುಮುರುಗಾಗಿ ಓದಬಹುದಿತ್ತು. ನಾನು ಅದನ್ನು ಓದುತ್ತ ನಿಂತಿದ್ದಾಗ ಫೋನ್ ಬಂತು.

"ಮಗಾ, ಭಾನುವಾರ ನಾನು ಬರ್ತೇನೆ. ಸತೀಶ ಕಾರಿನಲ್ಲಿ ಬಿಡ್ತಾನೆ. ಮೂರು ತಿಂಗಳಾಯ್ತು ಒಂದು ಸರಿಯಾದ ದೋಸೆ ತಿನ್ನದೆ. ಇಲ್ಲಿಯದ್ದು ಬೆಳ್ಳಗೆ, ಜ್ವರ ಬಂದವರ ಹಾಗೆ ಉಂಟು. ಹಿಟ್ಟು ನಾನೇ ತರ್ತೇನೆ. ನನ್ನ ಕಾವಲಿಯಲ್ಲಿ ನಾಲ್ಕು ದೋಸೆ ಹೊಯ್ದು ತಿಂದು ಬರುದು."

ಹತ್ತೊಂಬತ್ತು ಸಲ ಹೆದರಿದ ದಿನ ಅದೇ.

ಗುರುವಾರ ರಜೆ ಹಾಕಿದೆ. ಹಿಂದಿನ ರಾತ್ರಿಯೇ ಮತ್ತೆ ಹೋಟೆಲಿಗೆ ಓಡಿ ಕೇಳಿದಾಗ ಶೇಖರಣ್ಣ ಹೇಳಿಕೊಟ್ಟ ಉಪಾಯ ಸರಳ: ಕಾವಲಿಯನ್ನು ಬೋರಲಾಗಿ ಉರಿಯ ಮೇಲಿಟ್ಟು ಹೊಗೆ ನಿಲ್ಲುವ ತನಕ ಸುಡುವುದು, ತಾನಾಗಿ ಆರಲು ಬಿಡುವುದು, ಕಲ್ಲುಪ್ಪು ಹಾಕಿ ತೆಂಗಿನ ನಾರಿನಿಂದ ಉಜ್ಜುವುದು, ಬಿಸಿನೀರಿನಲ್ಲಿ ತೊಳೆದು ಕೂಡಲೇ ಒಲೆಯ ಮೇಲೆ ಒಣಗಿಸುವುದು, ಬಳಿಕ ಎಣ್ಣೆ ಹಚ್ಚಿ, ಹಚ್ಚಿಲ್ಲವೇನೋ ಎಂಬಷ್ಟು ಒರೆಸಿ ಕಾಯಿಸುವುದು. ಹೊಗೆ ಎಷ್ಟು ಬರುತ್ತದೆಂದು ಅವರು ಹೇಳಿರಲಿಲ್ಲ. ತೊಂಬತ್ತನಾಲ್ಕು ಸಂಜೆಗಳ ಎಣ್ಣೆ ಒಟ್ಟಿಗೇ ಎದ್ದು ನಿಂತಿತು. ಕಾರ್ತಿಕ್ ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದವನು ಕೆಮ್ಮುತ್ತ ಬಂದು ದಿಂಬಿನಿಂದ ಗಾಳಿ ಬೀಸಿದ. ಕಿಟಕಿ ತೆರೆದರೆ ಮಳೆ ಒಳಗೆ ಬಂದಿತೇ ಹೊರತು ಹೊಗೆ ಹೊರಗೆ ಹೋಗಲಿಲ್ಲ. ಮೇಲಿನ ತನಕ ವಾಸನೆ, ಬೆಂಕಿ ಬಿತ್ತೇ ಎಂದು ಕೇಳುತ್ತ ಹತ್ತು ನಿಮಿಷದಲ್ಲಿ ವಾಚ್‌ಮನ್ ಬಾಗಿಲಲ್ಲಿದ್ದ. "ಸಾಬ್, ಊಪರ್ ತಕ್ ಬಾಸ್ ಆ ರಹೀ ಹೈ. ಆಗ್ ಲಗೀ ಹೈ ಕ್ಯಾ?"

"ನಹೀ ಭಾಯ್, ತವಾ ಧೋ ರಹೇ ಹೈ" ಎಂದ ಕಾರ್ತಿಕ್.

ಕಾವಲಿ ತೊಳೆಯುವುದನ್ನು ವಾಚ್‌ಮನ್ ಜೀವಮಾನದಲ್ಲಿ ಕಂಡಿದ್ದನೋ ಇಲ್ಲವೋ, ಆದರೆ ಹೀಗೆ ಕಂಡಿರಲಿಲ್ಲ. ಒಳಗೆ ಇಣುಕಿ, ತಲೆ ಅಲ್ಲಾಡಿಸಿ ಹೋದ.

ಮೇಣ ಹೋಯಿತು. ಅದರ ಜೊತೆಗೆ ಬೇರೆಯದೂ ಹೋಯಿತು. ನಡುವಿನ ಕಪ್ಪು ಪದರ ಎದ್ದು, ಬೂದು ಬಣ್ಣದ ಬರಿಮೈ ಕಾಣಿಸಿತು. ಮೂವತ್ತನಾಲ್ಕು ವರ್ಷದ ಬೆಳಿಗ್ಗೆಗಳು ಸೇರಿ ಕಟ್ಟಿದ ಪದರವದು. ಕಟ್ಟಡವನ್ನು ಕೆಡವಲು ಬಿಲ್ಡರನಿಗೆ ಒಂದು ತಿಂಗಳಾದರೂ ಬೇಕಾಗಿತ್ತು. ಉಳಿದದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದೆ. ಈ ಮಾತನ್ನು ದಿನಚರಿಯಲ್ಲಿ ಬರೆದು ಹೊಡೆದುಹಾಕಿದ್ದೇನೆ, ಆದರೂ ಓದಲು ಬರುತ್ತದೆ.

ಅಂಗಡಿಯಿಂದ ಹಿಟ್ಟು ತಂದೆವು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ ಉಜ್ಜಿ ದೋಸೆ ಹೊಯ್ದೆ. ಗುರುವಾರ ಹೊಯ್ದದ್ದು ಹದಿನಾಲ್ಕು, ಎದ್ದದ್ದು ಸೊನ್ನೆ. ಶುಕ್ರವಾರ ಹನ್ನೊಂದರಲ್ಲಿ ಎರಡು, ಅದೂ ಚೂರಾಗಿ. ಶನಿವಾರ ಹದಿನಾರರಲ್ಲಿ ಐದು ಅರ್ಧರ್ಧ. ಕೆರೆದು ತೆಗೆದದ್ದಕ್ಕೆಲ್ಲ ಕಾರ್ತಿಕ್ ಒಗ್ಗರಣೆ ಹಾಕಿ, "ದೋಸೆ ಉಪ್ಪಿಟ್ಟು" ಎಂದು ಹೆಸರಿಟ್ಟು ಮೂರು ದಿನ ತಿಂದ. ನಾಲ್ಕನೆಯ ದಿನ ಕೈಮುಗಿದ.

ಭಾನುವಾರ ಹತ್ತು ಗಂಟೆಗೆ ದೊಡ್ಡಮ್ಮ ಸ್ಟೀಲಿನ ಡಬ್ಬಿ ಹಿಡಿದು ಬಂದರು. ಸತೀಶಣ್ಣ ಕೆಳಗಿನಿಂದಲೇ ಕಾರು ತಿರುಗಿಸಿಕೊಂಡು ಹೋದ. ಅವರು ನೀರನ್ನೂ ಕುಡಿಯದೆ ನೇರ ಅಡಿಗೆಮನೆಗೆ ನಡೆದು, ಸೀರೆಯ ತುಂಡು ಸರಿಸಿ, ಕಾವಲಿಯನ್ನು ನೋಡಿದರು. ನಡುವಿನ ಬೂದು ಜಾಗದ ಮೇಲೆ ಬೆರಳಾಡಿಸಿದರು. ನಾನು ದಿನಚರಿಯನ್ನೇ ತಂದು ಮೊದಲಿನಿಂದ ಓದತೊಡಗಿದೆ. ನಾಲ್ಕು ಪುಟವಾದ ಮೇಲೆ ಅವರು ಕೈ ಎತ್ತಿದರು.

"ಅದೆಲ್ಲ ಇರ್ಲಿ. ದೋಸೆ ಯಾಕೆ ಹೊಯ್ಲಿಲ್ಲ?"

"ನೀವು ಹೇಳಿದ ಹನ್ನೊಂದರಲ್ಲಿ ಅದಿರಲಿಲ್ಲ ದೊಡ್ಡಮ್ಮ."

"ಕಾವಲಿಯಲ್ಲಿ ದೋಸೆ ಹೊಯ್ಯಿ ಅಂತ ಹೇಳ್ಲಿಕ್ಕೆ ಉಂಟಾ ಮಾರಾಯ!" ಎಂದು ಅವರು ಹಣೆಗೆ ಕೈ ಹಚ್ಚಿ ಸ್ಟೂಲಿನ ಮೇಲೆ ಕುಳಿತರು. "ನಿನಗೆ ಮಗು ಕೊಟ್ಟು ಹೋದ್ರೆ ದಿನಾ ಎಣ್ಣೆ ಹಚ್ಚಿ ಮಲಗಿಸ್ತೀ, ಹಾಲು ಕೊಡು ಅಂತ ಬರೆದುಕೊಡ್ಬೇಕು ನಿನಗೆ."

ಹೊರಗೆ ಕಾರ್ತಿಕ್ ನಗುವುದು ಕೇಳಿಸಿತು. ದೊಡ್ಡಮ್ಮ ನಗಲಿಲ್ಲ. ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆ ಹಚ್ಚಿದರು. ಬಗ್ಗಿ ಉರಿಯನ್ನು ನೋಡಿದರು. ದೊಡ್ಡದು ಮಾಡಿ ನೋಡಿದರು, ಸಣ್ಣದು ಮಾಡಿ ನೋಡಿದರು. ಮೊದಲ ದೋಸೆ ಅಂಟಿತು. ಎರಡನೆಯದು ಹರಿಯಿತು. ಮೂರನೆಯದು ಅರ್ಧ ಎದ್ದಿತು. ಅವರ ಹಣೆಯಲ್ಲಿ ಬೆವರು ಬಂದಿತ್ತು. ಆ ಅರ್ಧವನ್ನು ನಿಂತಲ್ಲೇ ತಿಂದು, ಕೈ ಒರೆಸಿಕೊಂಡು ಸತೀಶಣ್ಣನಿಗೆ ಫೋನ್ ಮಾಡಿದರು.

"ಸತೀಶಾ, ನನ್ನ ನಾಲ್ಕು ಸೀರೆ, ಬಿ.ಪಿ. ಮಾತ್ರೆ ಸಂಜೆಗೆ ತಂದುಕೊಡು. ಈ ಹುಡುಗ ಕಾವಲಿಯ ಗತಿ ಕಾಣಿಸಿದ್ದಾನೆ. ಸರಿ ಮಾಡ್ಲಿಕ್ಕೆ ಹದಿನೈದು ದಿನ ಬೇಕು. ಇವನ ಕೈಲಿ ಆಗುದಲ್ಲ."

ಹೀಗೆ ದೊಡ್ಡಮ್ಮ ನಮ್ಮ ಮನೆಯಲ್ಲಿ ಉಳಿದರು. ನನ್ನ ಹಾಸಿಗೆ ಅವರಿಗೆ, ಸೋಫಾ ನನಗೆ. ದಿನಾ ಬೆಳಿಗ್ಗೆ ಆರಕ್ಕೆ ಕಾವಲಿ ಏರುತ್ತಿತ್ತು. ಈರುಳ್ಳಿ ಉಜ್ಜಿದ ಪರಿಮಳಕ್ಕೆ ಕಾರ್ತಿಕ್ ತಾನಾಗಿ ಎದ್ದು ಬರುತ್ತಿದ್ದ. "ಎಂತ, ಮೈಸೂರಿನ ಮಹಾರಾಜರಿಗೆ ಎಷ್ಟು?" ಎಂದು ದೊಡ್ಡಮ್ಮ ಕೇಳುವರು, "ನೀವು ಹಾಕ್ತಾ ಇರಿ ಆಂಟಿ, ನಾನು ನಿಲ್ಸಿ ಅನ್ನಲ್ಲ" ಎಂದು ಅವನು ತಟ್ಟೆ ಹಿಡಿಯುವನು. ಎರಡನೆಯ ದಿನ ಹನ್ನೆರಡರಲ್ಲಿ ನಾಲ್ಕು ಎದ್ದವು. ನಾಲ್ಕನೆಯ ದಿನ ಎಂಟು. ಹತ್ತನೆಯ ದಿನ ಹನ್ನೆರಡಕ್ಕೆ ಹನ್ನೆರಡು. ಹನ್ನೊಂದನೆಯ ದಿನವೂ, ಹನ್ನೆರಡನೆಯ ದಿನವೂ. ನಡುವಿನ ಬೂದು ಬಣ್ಣ ಕಂದಾಗಿ, ಕಪ್ಪಾಗುತ್ತ ಬಂದಿತ್ತು. ಅಂದು ಸಂಜೆ ನಾನು ಖುಷಿಯಿಂದ ಪಟ್ಟಿ ತಂದು ತೋರಿಸಿದೆ. "ದೊಡ್ಡಮ್ಮ, ಮೂರು ದಿನದಿಂದ ಒಂದೂ ಹರಿದಿಲ್ಲ. ಹದಿನೈದು ದಿನವೂ ಬೇಕಾಗಲಿಲ್ಲ ನೋಡಿ! ಶನಿವಾರ ಸತೀಶಣ್ಣನಿಗೆ ಬರಲು ಹೇಳಿದ್ದೇನೆ."

"ಹೌದಾ" ಎಂದರು ಅವರು. ಪಟ್ಟಿಯನ್ನು ನೋಡಲಿಲ್ಲ. ಒಲೆಯ ಗುಬುಟನ್ನು ಬಟ್ಟೆಯಿಂದ ಒರೆಸುತ್ತ ನಿಂತರು, ಅದು ಸ್ವಚ್ಛವಾಗಿಯೇ ಇತ್ತು.

ಮರುದಿನ, ಶುಕ್ರವಾರ, ಮಳೆ ಜೋರಾಗಿ ಕಾರ್ಖಾನೆಯ ಬಸ್ಸನ್ನು ಎರಡು ಗಂಟೆ ಮೊದಲೇ ಬಿಟ್ಟರು. ಬಾಗಿಲು ತೆಗೆದು ಒಳಗೆ ಬಂದರೆ ಅಡಿಗೆಮನೆಯಲ್ಲಿ ದೊಡ್ಡಮ್ಮ ನನಗೆ ಬೆನ್ನು ಹಾಕಿ ನಿಂತಿದ್ದರು. ಪಕ್ಕದಲ್ಲಿ ಲಟ್ಟಣಿಗೆ. ಕಾವಲಿಯ ಮೇಲೆ ಚಪಾತಿ. ಎಣ್ಣೆಯಿಲ್ಲದ, ಒಣ ಹಿಟ್ಟು ಉದುರುವ ಚಪಾತಿ. ನಮ್ಮ ಕಡೆ ದೋಸೆಯ ಕಾವಲಿಯಲ್ಲಿ ಚಪಾತಿ ಮಾಡುವವರು ಯಾರೂ ಇಲ್ಲ. ಮಾಡಿದರೆ ಮಾರನೆಯ ದಿನ ದೋಸೆ ಏಳುವುದಿಲ್ಲವೆಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಹಿಟ್ಟು ಸುಟ್ಟು ಕಾವಲಿಯ ಮೈಯನ್ನು ಹಿಡಿದುಕೊಳ್ಳುತ್ತದೆ. ನನ್ನ ಹನ್ನೊಂದು ಅಂಶಗಳಲ್ಲಿ ಅದು ಇರದಿದ್ದದ್ದು ಹೇಳಬೇಕಾದ ಮಾತೇ ಅದಲ್ಲವಾದ್ದರಿಂದ. ತಟ್ಟೆಯಲ್ಲಿ ಆಗಲೇ ಒಂಬತ್ತು ಚಪಾತಿಗಳಿದ್ದವು.

ನನ್ನ ಹೆಜ್ಜೆಯ ಸದ್ದಿಗೆ ದೊಡ್ಡಮ್ಮ ಬೆಚ್ಚಿ ತಿರುಗಿದರು. "ಗೋಧಿಹಿಟ್ಟು ಇತ್ತು ಮಗಾ. ಮಳೆಗೆ ಹುಳ ಆಗ್ತದೆ ಅಂತ," ಎಂದರು. ಹೆದರಿದವರ ದನಿ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬ್ಯಾಗು ಇಳಿಸಿ, ಕೈ ತೊಳೆದು, ತಟ್ಟೆ ತೆಗೆದುಕೊಂಡು ಕುಳಿತೆ. "ಬಿಸಿ ಇರುವಾಗಲೇ ಎರಡು ಕೊಡಿ ದೊಡ್ಡಮ್ಮ" ಎಂದೆ. ಅವರು ಮೂರು ಹಾಕಿದರು.

ಶನಿವಾರ ಬೆಳಿಗ್ಗೆ ಸತೀಶಣ್ಣ ಕಾರಿನ ಬೀಗದ ಕೈ ತಿರುಗಿಸುತ್ತ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತ. ಮೊದಲ ದೋಸೆ ಕಾವಲಿಗೆ ಅಂಟಿಕೊಂಡು ಮೂರು ಚೂರಾಗಿತ್ತು. ದೊಡ್ಡಮ್ಮ ಸಟ್ಟುಗ ಹಿಡಿದು ಕೆಳಗೆ ನೋಡುತ್ತಿದ್ದರು. "ಇದೆಂತ? ಸರಿಯಾಗಿದೆ ಅಂದಿದ್ದೆಯಲ್ಲ ನೀನು?" ಎಂದು ಸತೀಶಣ್ಣ ಕೇಳಿದ್ದು ನನ್ನನ್ನು. ಕಾರ್ತಿಕ್ ಅಲ್ಲಿಂದ ನಿಧಾನವಾಗಿ ಜಾರಿಕೊಂಡ.

"ಇಲ್ಲ ಸತೀಶಣ್ಣ, ಇನ್ನೂ ಹದಿನೈದು ದಿನ ಬೇಕಾಗ್ತದೆ" ಎಂದೆ. "ನಾನು ಎಣ್ಣೆ ಜಾಸ್ತಿ ಹಚ್ಚಿದ್ದೆನಲ್ಲ, ಅದು ಒಳಗೊಳಗೆ ಹಿಡಿದಿರಬೇಕು."

ಅವನು ಹತ್ತು ನಿಮಿಷ ಬೈದ. ಓದಿದವನು, ಅಷ್ಟೂ ಗೊತ್ತಾಗುವುದಿಲ್ಲವೇ ಎಂದ. ಒಂದು ಕಾವಲಿ ನೋಡಿಕೊಳ್ಳಲಾಗದವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದ. ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದೆ. ದೊಡ್ಡಮ್ಮ, "ಹೋಗ್ಲಿ ಬಿಡು ಸತೀಶಾ, ಪಾಪದ ಹುಡುಗ" ಎಂದು ಒಲೆಯ ಉರಿಯನ್ನು ಹದಕ್ಕೆ ಇಳಿಸಿ, ಅರ್ಧ ಈರುಳ್ಳಿ ಕೈಗೆತ್ತಿಕೊಂಡರು.

ಇದಾಗಿ ಒಂಬತ್ತು ದಿನವಾಯಿತು. ದೊಡ್ಡಮ್ಮನ ಕೈಗುಣ ದೊಡ್ಡದು; ಎಷ್ಟು ಕೆಡಿಸಿದರೂ ಆ ಕಾವಲಿ ಬೇಗ ಚೇತರಿಸಿಕೊಳ್ಳುತ್ತದೆ. ನಿನ್ನೆ ಹನ್ನೆರಡರಲ್ಲಿ ಹತ್ತು ಎದ್ದವು, ಇವತ್ತು ಹನ್ನೊಂದು. ಬಲ ಅಂಚಿನ ಕಾಲಂನಲ್ಲಿ ಒಂದು ಹೆಚ್ಚಾಯಿತು. ಸಂಜೆ ಬರುವಾಗ ದಾರಿಯಲ್ಲಿಳಿದು ಐದು ಕಿಲೋ ಗೋಧಿಹಿಟ್ಟು ತಂದೆ.